ಅಂಗಡಿಗೆ ಹದಿನೆಂಟು

ಮಕ್ಕಳೇ, ಹೋದ ತಿಂಗಳು ನಿಮ್ಮಿಬ್ಬರಲ್ಲಿ ಚಿಕ್ಕವಳು ಫೋನಿನಲ್ಲಿ ಏನೋ ತರಿಸಲು ಕೂತಿದ್ದಳು. ಹದಿನೆಂಟು ವರ್ಷ ತುಂಬಿದೆಯೇ ಎಂದು ಫೋನು ಕೇಳಿತಂತೆ. ತುಂಬಿದೆ ಎಂದು ಒತ್ತಿದಳು. ಒತ್ತಿದ್ದನ್ನು ದೊಡ್ಡ ಸಾಹಸದ ಹಾಗೆ ನಗುತ್ತ ನಮಗೆಲ್ಲ ಹೇಳಿದಳು. ರೊಟ್ಟಿ ಬಡಿಯುತ್ತಿದ್ದ ನಿಮ್ಮವ್ವ ಹಿಟ್ಟಿನ ಕೈಯಲ್ಲೇ ಬಂದು ಫೋನು ಕಸಿದುಕೊಂಡಳು. ಬೈದಳು. ನಿಮ್ಮವ್ವ ಹಾಗೆ ಬೈದದ್ದನ್ನು ನೀವು ನೋಡಿರಲಿಲ್ಲ. ಸಂಜೆ ಚಿಕ್ಕವಳು ನನ್ನ ಪಕ್ಕ ಕೂತು, ಅಜ್ಜಿ, ಎಲ್ಲರೂ ಒತ್ತುತ್ತಾರೆ, ಅವ್ವನಿಗೆ ಅಷ್ಟು ಸಿಟ್ಟು ಯಾಕೆ ಎಂದು ಕೇಳಿದಳು. ನನಗೆ ಬಾಯಲ್ಲಿ ಹೇಳಲು ಬರಲಿಲ್ಲ. ನಾಲ್ಕು ಜನರ ಮುಂದೆ ಮಾತಾಡು ಎಂದರೆ ಇವತ್ತಿಗೂ ನಾನು ಅಡುಗೆಮನೆಗೆ ಸರಿಯುತ್ತೇನೆ. ನಮ್ಮೂರ ಶಾಲೆಯಲ್ಲಿ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಆಗ ನಾವು ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಇದ್ದೆವು. ಗಣಿ ಜೋರಾಗಿದ್ದ ಕಾಲ. ಸಂಡೂರಿನ ಕಡೆಯಿಂದ ಅದಿರು ತುಂಬಿದ ಲಾರಿಗಳು ಒಂದರ ಬಾಲ ಹಿಡಿದು ಒಂದು ಬರುತ್ತಿದ್ದವು. ಒಗೆದು ಹಾಕಿದ ಬಿಳಿ ಪಂಚೆ ಒಣಗುವ ಹೊತ್ತಿಗೆ ಕಾವಿಯಾಗುತ್ತಿತ್ತು. ನಿಮ್ಮ ತಾತ ಊರ ಹೊರಗೆ ಅದಿರು ಪುಡಿ ಮಾಡುವ ಕ್ರಷರ್‌ನಲ್ಲಿ ಕೆಲಸ ಮಾಡುತ್ತಿದ್ದರು. ಅಲ್ಲಿ ಯಂತ್ರ ಶುರುವಾದರೆ ಮನುಷ್ಯನ ಮಾತು ಮನುಷ್ಯನಿಗೆ ಕೇಳುವುದಿಲ್ಲ. ಎಲ್ಲವೂ ಕೈಸನ್ನೆ. ಅಂಗೈ ತೋರಿಸಿದರೆ ನಿಲ್ಲಿಸು, ಬೆರಳು ಸುತ್ತಿದರೆ ಬೆಲ್ಟು ಬಿಡು. ಸನ್ನೆ ತಿಳಿಯಿತು ಎನ್ನಲು ಗೋಣು ಹಾಕಬೇಕು. ಗೋಣು ಹಾಕದವನಿಗೆ ಮೇಸ್ತ್ರಿ ಕಲ್ಲು ಎಸೆಯುತ್ತಿದ್ದನಂತೆ.

ವರ್ಷಗಳು ಕಳೆದಂತೆ ತಾತನಿಗೆ ಯಂತ್ರ ನಿಂತ ಮೇಲೂ ಕೇಳದಂತಾಯಿತು. ಮೊದಲು ಹಕ್ಕಿ ಹೋದವು, ಆಮೇಲೆ ಬಾಗಿಲು ಬಡಿಯುವುದು ಹೋಯಿತು, ಆಮೇಲೆ ನಮ್ಮ ಮಾತು. ಕಿವಿ ಹೋದದ್ದು ಮೇಸ್ತ್ರಿಗೆ ಗೊತ್ತಾದರೆ ಕಸ ಗುಡಿಸಲು ಹಚ್ಚುತ್ತಾನೆ ಎಂದು ಯಾರಿಗೂ ಹೇಳಲಿಲ್ಲ. ಕೇಳದಿದ್ದರೂ ಮುಗುಳ್ನಕ್ಕು ಗೋಣು ಹಾಕುವುದನ್ನು ರೂಢಿ ಮಾಡಿಕೊಂಡರು. ಅದು ಎಷ್ಟು ಚೆನ್ನಾಗಿ ಬಂತೆಂದರೆ ಸ್ವಂತ ಅಣ್ಣನೂ, ನೀವು ದೊಡ್ಡ ತಾತ ಎನ್ನುತ್ತಿದ್ದಿರಲ್ಲ ಅವರೇ, ತಮ್ಮನಿಗೆ ಕಿವಿ ಸ್ವಲ್ಪ ಮಂದ ಅಷ್ಟೇ ಎಂದುಕೊಂಡಿದ್ದರು. ಮನೆಯಲ್ಲಿ ಮಾತ್ರ ನಾವು ಕೂಗಿ ಮಾತಾಡುತ್ತಿದ್ದೆವು. ನಮ್ಮ ಮನೆಯ ಸಾರು ಓಣಿಗೆಲ್ಲ ಗೊತ್ತು. ನಳದ ಹತ್ತಿರ ಪಕ್ಕದ ಮನೆಯಾಕೆ, “ಏನ್ರೀ ಅಕ್ಕಾರ, ಇವತ್ತೂ ಬದನಿಕಾಯೇನು? ಅವರು ಒಲ್ಲೆ ಅಂದ್ರಲ್ಲ” ಎಂದು ಕಾಡುತ್ತಿದ್ದಳು. ನನಗೆ ತಲೆ ಎತ್ತಲು ನಾಚಿಕೆ. ನಿಮ್ಮವ್ವನಿಗೆ ನಾಚಿಕೆ ಇರಲಿಲ್ಲ. ಅಪ್ಪನ ಎದುರು ಕೂತು ಕಾಲೇಜಿನ ಪಾಠವನ್ನೆಲ್ಲ ಕೂಗಿ ಒಪ್ಪಿಸುತ್ತಿದ್ದಳು. ಹೃದಯದಲ್ಲಿ ಎಷ್ಟು ಕೋಣೆ, ರಕ್ತ ಯಾವ ಕಡೆಯಿಂದ ಬರುತ್ತದೆ ಎಂಬುದು ಓಣಿಯ ಹುಡುಗರಿಗೆಲ್ಲ ಬಾಯಿಪಾಠವಾಗಿತ್ತು.

ಅವಳು ನರ್ಸ್ ಆಗಬೇಕು ಎಂದಿದ್ದಳು. ಚಿಕ್ಕವಳಿದ್ದಾಗ ಜ್ವರ ಬಂದು ಒಂದು ವರ್ಷ ಶಾಲೆ ತಪ್ಪಿತ್ತು, ಆಗ ಪಿಯುಸಿ ಎರಡನೆಯ ವರ್ಷದಲ್ಲಿದ್ದಳು. ಮಾರ್ಚಿನಲ್ಲಿ ಪರೀಕ್ಷೆ, ಆಮೇಲೆ ಟ್ರೇನಿಂಗ್. ಆದರೆ ಹತ್ತನೆಯ ಇಯತ್ತೆ ಮುಗಿದಾಗಿನಿಂದಲೇ ಕೇಳುವವರು ಬರುತ್ತಿದ್ದರು. ಲಾರಿ ಇಟ್ಟವರ ಕೈಯಲ್ಲಿ ದುಡ್ಡು ಆಡುತ್ತಿತ್ತು. ಮನೆ ಕಟ್ಟಿಸಿ ಮುಗಿಸುವ ಮೊದಲೇ ಸೊಸೆ ಬೇಕು ಅವರಿಗೆ. ಒಂದು ಸಲ ಹೀಗೆ ಬಂದವರು ಎದ್ದು ಹೋದ ಮೇಲೆ ನಿಮ್ಮವ್ವ ಅಪ್ಪನ ಮುಂದೆ ಹೋಗಿ ನಿಂತಳು. ಹದಿನೆಂಟು ತುಂಬುವವರೆಗೆ ಮದುವೆಯ ಮಾತು ಮನೆಯೊಳಗೆ ಬರಬಾರದು ಎಂದು ಕೂಗಿದಳು. ತಾತ ಅವಳ ತಲೆ ಮೇಲೆ ಕೈಯಿಟ್ಟು, “ಬರೂದಿಲ್ಲ. ಮಾತು ಕೊಟ್ಟೀನಿ” ಎಂದರು. ಕಿವುಡರ ಮಾತು ಗಟ್ಟಿ ಇರುತ್ತದೆ. ಅದೂ ಓಣಿಗೆಲ್ಲ ಕೇಳಿತು.

ಹದಿನೆಂಟು ಯಾವಾಗ ತುಂಬುತ್ತದೆ ಎನ್ನುವುದನ್ನು ಇಲ್ಲಿ ಹೇಳಬೇಕು. ನಿಮ್ಮವ್ವ ಹುಟ್ಟಿದ್ದು ಎಳ್ಳಮವಾಸೆಯ ದಿನ, ಡಿಸೆಂಬರಿನ ಸುಮಾರಿಗೆ, ಚೋರನೂರಿನ ಹತ್ತಿರ ನನ್ನ ತವರಿನಲ್ಲಿ. ಹೊಲಕ್ಕೆ ಎಡೆಯ ಚರಗ ಚೆಲ್ಲಲು ಹೋಗುವವರಿಗೆ ಸಜ್ಜೆರೊಟ್ಟಿಯ ಬುತ್ತಿ ಕಟ್ಟುತ್ತಿದ್ದೆ, ಅಲ್ಲೇ ನೋವು ಬಂತು. ಅವಳನ್ನು ಶಾಲೆಗೆ ಹಾಕಲು ಹೋದಾಗ ಇನ್ನೂ ಆರು ತುಂಬಿರಲಿಲ್ಲ. ಆಗ ಮಕ್ಕಳ ವಯಸ್ಸಿಗೆ ಕಾಗದ ಎಲ್ಲಿತ್ತು. ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟು ಎನ್ನುತ್ತಿದ್ದರು ಮೇಷ್ಟ್ರು. ಮುಟ್ಟಿದರೆ ಆರು ತುಂಬಿದೆ, ಮುಟ್ಟದಿದ್ದರೆ ಬರುವ ವರ್ಷ ಬಾ. ನಿಮ್ಮ ತಾತನಿಗೆ ಮಗಳನ್ನು ಓದಿಸುವ ಅವಸರ. ಹಿಂದಿನ ವಾರವೆಲ್ಲ ಅಂಗಳದಲ್ಲಿ ನಿಲ್ಲಿಸಿ ಅಭ್ಯಾಸ ಮಾಡಿಸಿದರು. ಕುತ್ತಿಗೆಯನ್ನು ಚೂರು ವಾಲಿಸಿದರೆ ಕೈ ಮುಟ್ಟುತ್ತದೆ ಎಂದು ಅವರೇ ಕಂಡುಹಿಡಿದು ಹೇಳಿಕೊಟ್ಟರು. ಶಾಲೆಯಲ್ಲಿ ಅವಳು ಹಾಗೇ ವಾಲಿಸಿ ಕಿವಿ ಹಿಡಿದಳು. ಮೇಷ್ಟ್ರು ನಕ್ಕು, ಎಲ್ಲ ಮಕ್ಕಳಿಗೂ ಹಾಕುವ ಹಾಗೆ ಜೂನ್ ಒಂದು ಎಂದು ಬರೆದುಕೊಂಡರು. ಹೀಗೆ ಕಾಗದದ ಹದಿನೆಂಟು ಆ ವರ್ಷದ ಜೂನಿನಲ್ಲಿ ಬಂತು, ಹೊಟ್ಟೆಯಿಂದ ಬಂದ ಹದಿನೆಂಟು ಎಳ್ಳಮವಾಸೆಗೆ ಬರಬೇಕಿತ್ತು. ನಮ್ಮ ಮನೆಯಲ್ಲಿ ಎಳ್ಳಮವಾಸೆಯೇ ನಿಜ. ಜೂನ್ ಒಂದನ್ನು ನಾವು ಯಾರೂ ಬಾಯಲ್ಲಿ ಆಡಿದ್ದೇ ಇಲ್ಲ.

ಆ ವರ್ಷದ ಮಳೆಗಾಲದಲ್ಲಿ ನಿಮ್ಮವ್ವ ಕಾಲೇಜಿನ ಹತ್ತಿರದ ಒಂದು ಇಂಟರ್‌ನೆಟ್ ಅಂಗಡಿಗೆ ಹೋದಳು. ಗೆಳತಿಯೊಬ್ಬಳು ಹೇಳಿದ್ದಳಂತೆ, ಕಂಪ್ಯೂಟರಿನಲ್ಲೇ ಅಂಗಡಿಗಳಿವೆ, ದೂರದ ಊರಿನಿಂದ ಸಾಮಾನು ಪೋಸ್ಟಿನಲ್ಲಿ ಮನೆಗೆ ಬರುತ್ತದೆ ಎಂದು. ಅಪ್ಪನಿಗೆ ಕಿವಿಯ ಯಂತ್ರ ತರಿಸಬೇಕೆಂದು ಅವಳ ಮನಸ್ಸು. ಡಾಕ್ಟರ ಹತ್ತಿರ ಬರಲು ತಾತ ಒಲ್ಲೆ ಎಂದಿದ್ದರು. ಡಾಕ್ಟರ ಮನೆ ಮೆಟ್ಟಿಲು ಹತ್ತಿದರೆ ಕ್ರಷರಿಗೆ ಸುದ್ದಿ ಹೋಗುತ್ತದೆ ಎಂಬ ಭಯ. ಪೋಸ್ಟಿನಲ್ಲಿ ಬಂದರೆ ಯಾರಿಗೂ ಗೊತ್ತಾಗುವುದಿಲ್ಲವಲ್ಲ. ಚಿಕ್ಕ ಮಕ್ಕಳಿಗೆ ಪಾಠ ಹೇಳಿ ಕೂಡಿಸಿದ್ದು ಸ್ವಲ್ಪ ಇತ್ತು. ಯಾರಿಗೂ ಹೇಳದೆ, ಬಂದ ಮೇಲೆ ಅಪ್ಪನ ಮುಂದೆ ಇಡಬೇಕು ಎಂದುಕೊಂಡಳು.

ಅಂಗಡಿಯವನು ನಡುವಯಸ್ಸಿನ, ಸಂಭಾವಿತ ಮನುಷ್ಯ. ಜೆರಾಕ್ಸ್ ಯಂತ್ರವೂ ಅವನದೇ. ಕಂಪ್ಯೂಟರ್ ಹೇಗೆ ಒತ್ತಬೇಕೆಂದು ತೋರಿಸಿಕೊಟ್ಟ. ಅಲ್ಲಿ ಹುಟ್ಟಿದ ದಿನ ಕೇಳಿತು. ಅವಳು ಎಳ್ಳಮವಾಸೆಯ ದಿನ ಹಾಕಿದಳು. ಹದಿನೆಂಟು ತುಂಬದವರಿಗೆ ಇಲ್ಲಿ ಮಾರುವುದಿಲ್ಲ ಎಂದು ಬಂತು. ಅಂಗಡಿಯವನು ಅದನ್ನು ಓದಿ ಹೇಳಿ, ಅಪ್ಪನನ್ನು ಕರೆದುಕೊಂಡು ಬಾರವ್ವ ಎಂದನಂತೆ. ಅವಳ ಚೀಲದಲ್ಲಿ ಹತ್ತನೆಯ ತರಗತಿಯ ಅಂಕಪಟ್ಟಿ ಇತ್ತು. ಅದರಲ್ಲಿ ಜೂನ್ ಒಂದು ಇತ್ತು. ಸರ್ಕಾರವೇ ಬರೆದುಕೊಟ್ಟದ್ದು, ಇದರಲ್ಲಿ ಸುಳ್ಳೇನು ಬಂತು ಎಂದುಕೊಂಡು ಅಂಕಪಟ್ಟಿ ತೆಗೆದು ತೋರಿಸಿ, ನನಗೆ ಹದಿನೆಂಟು ತುಂಬಿದೆ ಸಾರ್ ಎಂದಳು. ಆ ಮಾತನ್ನು ಅವಳು ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ಆ ತಾರೀಖು ಹಾಕಿದ ಮೇಲೆ ಕಂಪ್ಯೂಟರ್ ಒಪ್ಪಿಕೊಂಡಿತು.

ನಿಮ್ಮ ದೊಡ್ಡ ತಾತ ಆಗ ಟಿಪ್ಪರ್ ಲಾರಿ ಇಟ್ಟಿದ್ದರು. ಲಾರಿಯ ಕಾಗದಗಳನ್ನು ಜೆರಾಕ್ಸ್ ಮಾಡಿಸಲು ಅದೇ ಅಂಗಡಿಗೆ ಹೋಗುತ್ತಿದ್ದರು. ಅಂಗಡಿಯವನು ಮೆಚ್ಚಿಕೊಂಡೇ ಹೇಳಿದ್ದು, ನಿಮ್ಮ ತಮ್ಮನ ಮಗಳು ಎಂಥ ಹುಡುಗಿ, ಅಪ್ಪನಿಗೆ ಕಿವಿಯ ಯಂತ್ರ ತರಿಸುತ್ತಿದ್ದಾಳೆ, ಹದಿನೆಂಟು ತುಂಬಿದ್ದಕ್ಕೆ ಕಾಗದ ತೆಗೆದು ತೋರಿಸಿದಳು ಎಂದು. ಅವನಲ್ಲಿ ಕೆಟ್ಟದ್ದಿರಲಿಲ್ಲ. ದೊಡ್ಡ ತಾತನಲ್ಲೂ ಇರಲಿಲ್ಲ ಎಂದೇ ಇವತ್ತಿಗೂ ನನ್ನ ಎಣಿಕೆ. ಅವರ ಪಾಲುದಾರರ ಮನೆಯ ಹುಡುಗ ಸಂಡೂರಿನಲ್ಲಿದ್ದ, ಅವರು ಕಾರ್ತಿಕದೊಳಗೆ ಮದುವೆ ಮಾಡಬೇಕೆಂದು ಹೆಣ್ಣು ನೋಡುತ್ತಿದ್ದರು. ಗಣಿ ಇರುವ ತನಕ ಚೆನ್ನಾಗಿರುವ ಮನೆ. ತಮ್ಮನ ಮಗಳು ಸುಖವಾಗಿರಲಿ ಎಂದೇ ದೊಡ್ಡ ತಾತ ಓಡಾಡಿದ್ದು.

ಒಂದು ಭಾನುವಾರ ಬೆಳಿಗ್ಗೆ ಅವರು ಹುಡುಗನ ಸೋದರಮಾವನನ್ನೂ ಇಬ್ಬರು ಹಿರಿಯರನ್ನೂ ಕರೆದುಕೊಂಡು ನಮ್ಮ ಮನೆಗೆ ಬಂದರು. ನಿಮ್ಮವ್ವ ಕಾಲೇಜಿನ ವಿಶೇಷ ಕ್ಲಾಸಿಗೆ ಹೋಗಿದ್ದಳು. ತಾತ ಎಲ್ಲರಿಗೂ ಜಮಖಾನ ಹಾಸಿ, ಕುಂದ್ರಿ ಕುಂದ್ರಿ ಎಂದು ಕೂರಿಸಿದರು. ಅಣ್ಣ ಬಂದದ್ದಕ್ಕೆ ಅವರಿಗೆ ಬಹಳ ಸಂತೋಷ. ನಾನು ಚಹಾಕ್ಕೆ ನೀರಿಟ್ಟೆ.

ಮದುವೆಯ ಮಾತನ್ನು ಯಾರೂ ಜೋರಾಗಿ ಆಡುವುದಿಲ್ಲ. ಕುದುರುವ ಮೊದಲು ಓಣಿಗೆ ಕೇಳಬಾರದು. ಅವರೂ ತಲೆ ಹತ್ತಿರ ತಂದುಕೊಂಡು ಮೆಲ್ಲಗೆ ಮಾತಾಡಿದರು. ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತ ನನಗೇ ಪೂರ್ತಿ ಕೇಳಲಿಲ್ಲ. ತಾತ ಒಬ್ಬೊಬ್ಬರ ಮುಖ ನೋಡುತ್ತ, ಅವರು ನಕ್ಕಾಗ ನಗುತ್ತ, ನಡುನಡುವೆ ಗೋಣು ಹಾಕುತ್ತ ಕೂತಿದ್ದರು. ಲಾರಿಯ ಮಾತು ಎಂದುಕೊಂಡಿದ್ದರಂತೆ.

ಹದಿನೆಂಟು ಎನ್ನುವ ಶಬ್ದ ನನ್ನ ಕಿವಿಗೆ ಬಿತ್ತು. ಬಾಗಿಲಿಂದ ದೊಡ್ಡ ತಾತನಿಗೆ ಕೈಸನ್ನೆ ಮಾಡಿದೆ. ಅವರು ಎದ್ದು ಬಂದರು. ನಾನು ಸೆರಗು ಮುಂದೆಳೆದುಕೊಂಡು, “ಆಕಿಗೆ ಎಳ್ಳಮವಾಸಿಗೆ ತುಂಬ್ತಾವ, ಭಾವಾರ. ಅಲ್ಲೀತನ ಬ್ಯಾಡ ಅಂತ ಅವರು ಮಾತು ಕೊಟ್ಟಾರ” ಎಂದೆ. ಅಷ್ಟು ಉದ್ದದ ಮಾತನ್ನು ನಾನು ಅವರೆದುರು ಆಡಿದ್ದೇ ಇಲ್ಲ.

ಅವರು ನಕ್ಕರು. “ಕಾಗದ ಹಿಡಕೊಂಡು ಹೋಗಿ ತುಂಬೇದ ಅಂತ ಆಕಿನ ಹೇಳಿ ಬಂದಾಳವಾ. ಅಂಗಡಿಗೆ ಹದಿನೆಂಟು, ನಮಗ ಹದಿನೇಳೇನು?”

ಯಾವ ಅಂಗಡಿ ಎಂಬುದೇ ನನಗೆ ಗೊತ್ತಿರಲಿಲ್ಲ. ನಿನ್ನ ಗಂಡನನ್ನೇ ಕೇಳೋಣ, ಅವನು ಒಲ್ಲೆ ಎಂದರೆ ಈಗಲೇ ಎದ್ದು ಹೋಗುತ್ತೇವೆ ಎಂದು ಅವರು ಒಳಗೆ ಹೋಗಿ ಕೂತರು. ತಾತನ ಮೊಣಕಾಲ ಮೇಲೆ ಕೈಯಿಟ್ಟು, ಅದೇ ಮೆಲುದನಿಯಲ್ಲಿ, “ಏನಪಾ, ಹೂಂ ಅನ್ನೂನಲ್ಲ?” ಎಂದರು.

ತಾತ ಅಣ್ಣನ ಮುಖ ನೋಡಿ ಮುಗುಳ್ನಕ್ಕು ಗೋಣು ಹಾಕಿದರು.

ಹುಡುಗನ ಸೋದರಮಾವ ಚೀಲದಿಂದ ಸಕ್ಕರೆಯ ಪೊಟ್ಟಣ ತೆಗೆದ. ನಮ್ಮಲ್ಲಿ ನಾಲ್ಕು ಜನರ ನಡುವೆ ಹೆಣ್ಣಿನ ತಂದೆಯ ಬಾಯಿಗೆ ಸಕ್ಕರೆ ಬಿದ್ದರೆ ಮಾತು ಮುಗಿದಂತೆ. ನಾನು ಬಾಗಿಲು ದಾಟಿ ಹೊರಗೆ ಬಂದೆ. ಗಂಡಸರ ನಡುವೆ ನಾನು ಹಾಗೆ ಬಂದದ್ದೇ ಇಲ್ಲ. ಅಷ್ಟರಲ್ಲಿ ಅವನ ಕೈ ತಾತನ ಬಾಯಿಗೆ ಹೋಗಿತ್ತು. ತಾತ ಚಪ್ಪರಿಸಿ ನುಂಗಿ, ಓಣಿಗೆಲ್ಲ ಕೇಳುವ ಹಾಗೆ ಕೇಳಿದರು.

“ಯಾರದು ಸಿಹಿ?”

ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ಎಲ್ಲರೂ ನಕ್ಕರು. ತಾತನೂ ಜೊತೆಗೆ ನಕ್ಕರು. ಆಮೇಲೆ ನನ್ನ ಮುಖ ಕಂಡಿತು. ಅವರು ಸಕ್ಕರೆಯ ಪೊಟ್ಟಣ ನೋಡಿದರು, ಅಣ್ಣನನ್ನು ನೋಡಿದರು, ಗೋಡೆಯ ಮೊಳೆಗೆ ತೂಗು ಹಾಕಿದ್ದ ನಿಮ್ಮವ್ವನ ಹಳೇ ಶಾಲೆಚೀಲದ ಕಡೆಗೆ ನೋಡಿದರು. ನಗು ಮುಖದ ಮೇಲೆ ಹಾಗೇ ಉಳಿದುಬಿಟ್ಟಿತ್ತು. ತೆಗೆಯುವುದು ಅವರಿಗೆ ತಿಳಿಯಲಿಲ್ಲ.

ಬಂದವರು ಚಹಾ ಕುಡಿದು ಹೋದರು. ನಿಮ್ಮವ್ವ ಮಧ್ಯಾಹ್ನ ಬಂದಳು. ತಾತನೇ ಅವಳನ್ನು ಎದುರಿಗೆ ಕೂರಿಸಿಕೊಂಡು ಹೇಳಿದರು. ನನಗೆ ಕೇಳಲಿಲ್ಲ ಮಗಳೇ, ಲಾರಿಯ ಮಾತು ಅಂದುಕೊಂಡೆ ಎಂದರು. ಪಕ್ಕದ ಮನೆಯಲ್ಲಿ ಪಾತ್ರೆಯ ಸಪ್ಪಳ ನಿಂತಿತು. ಅಂಗಡಿಯ ಮಾತನ್ನು ನಾನು ಕೇಳಿದೆ. ಅವಳು ಎಲ್ಲವನ್ನೂ ಹೇಳಿದಳು, ಕಿವಿಯ ಯಂತ್ರ, ಅಂಕಪಟ್ಟಿ, ಜೂನ್ ಒಂದು. ಅಪ್ಪನಿಗೆ ಕೇಳಲೆಂದು ಅದನ್ನೂ ಕೂಗಿಯೇ ಹೇಳಬೇಕಾಯಿತು. ಆಮೇಲೆ ಪುಸ್ತಕಗಳನ್ನು ಎತ್ತಿಟ್ಟು ಕೊಡ ತೆಗೆದುಕೊಂಡು ನೀರಿಗೆ ಹೋದಳು. ನಳದ ಹತ್ತಿರ ಆ ದಿನ ಅವಳನ್ನು ಯಾರೂ ಕಾಡಲಿಲ್ಲವಂತೆ. ಜಾಗ ಬಿಟ್ಟು ಸರಿದರಂತೆ.

ತಾತ ಅವತ್ತೇ ಅಣ್ಣನ ಮನೆಗೆ ಹೋಗಿ, ನನಗೆ ಕಿವಿ ಕೇಳುವುದಿಲ್ಲ ಎಂದು ಬಾಯಿಬಿಟ್ಟು ಹೇಳಿಕೊಂಡರು. ಇಷ್ಟು ವರ್ಷ ಮುಚ್ಚಿಟ್ಟದ್ದು. ಅಣ್ಣ ನಂಬಲಿಲ್ಲ. ಸಂಕ್ರಾಂತಿಗೆ ಬಂದಾಗ ನನ್ನ ಮಾತಿಗೆಲ್ಲ ಗೋಣು ಹಾಕಿದೆಯಲ್ಲ, ಯುಗಾದಿಗೂ ಹಾಕಿದೆ, ಈಗ ಮಾತ್ರ ಕಿವುಡನಾದೆಯಾ ಎಂದರಂತೆ. ಸಕ್ಕರೆ ತಿಂದು ತಿರುಗಿ ಬಿದ್ದವರ ಮನೆಗೆ ನಾಳೆ ಯಾರು ಬರುತ್ತಾರೆ ಎಂದರಂತೆ. ಈ ಮಾತುಗಳನ್ನು ಅವರು ಕೂಗಿ ಹೇಳಿದ್ದರು, ಆದ್ದರಿಂದ ತಾತನಿಗೆ ಒಂದೂ ತಪ್ಪದೆ ಕೇಳಿದವು. ಮಾರನೆಯ ವಾರ ನಾನು ತವರಿನಿಂದ ನನ್ನ ತಾಯಿಯನ್ನೇ ಕರೆತಂದು, ಇದು ಎಳ್ಳಮವಾಸೆಯ ಕೂಸು ಎಂದು ಹೇಳಿಸಿದೆ. ಹಿರಿಯರು ಗೌರವದಿಂದ ಕೇಳಿ, ಅಜ್ಜಿ, ಯಾವ ವರ್ಷದ ಎಳ್ಳಮವಾಸೆ ಎಂದರು. ಅವಳಿಗೆ ವರ್ಷದ ಲೆಕ್ಕ ಗೊತ್ತಿರಲಿಲ್ಲ. ಆ ಸಲ ಬಿಳಿಜೋಳ ಚೆನ್ನಾಗಿತ್ತು ಎಂದಳು.

ತುಳಸಿ ಲಗ್ನವಾದ ಮೇಲೆ ಮದುವೆಯಾಯಿತು. ಮಕ್ಕಳೇ, ನಿಮ್ಮಪ್ಪನ ಬಗ್ಗೆ ಇಲ್ಲಿ ಒಂದು ಮಾತು ಬರೆಯಲೇಬೇಕು. ಅವನಿಗೆ ಇದು ಯಾವುದೂ ಗೊತ್ತಿರಲಿಲ್ಲ. ಹೆಣ್ಣು ಒಪ್ಪಿದ್ದಾಳೆ ಎಂದೇ ಅವನಿಗೆ ಹೇಳಿದ್ದರು. ಮೂರನೆಯ ವರ್ಷ ಗಣಿ ನಿಂತು ಲಾರಿಗಳು ಮನೆ ಮುಂದೆ ತುಕ್ಕು ಹಿಡಿಯುತ್ತ ನಿಂತಾಗಲೂ ಅವನು ನಿಮ್ಮವ್ವನಿಗೆ ಗಟ್ಟಿ ದನಿ ಮಾಡಲಿಲ್ಲ. ನೀವಿಬ್ಬರೂ ಬಂದದ್ದು ಆ ಮನೆಯಿಂದಲೇ. ಆ ಮದುವೆ ಆಗಬಾರದಿತ್ತು ಎಂದು ಬರೆಯಲು ಹೋದರೆ ನೀವು ಕಣ್ಣ ಮುಂದೆ ಬರುತ್ತೀರಿ, ನನ್ನ ಕೈ ನಿಲ್ಲುತ್ತದೆ. ಆದರೂ ಮಾರ್ಚಿನಲ್ಲಿ ಅವಳ ಗೆಳತಿಯರು ಪರೀಕ್ಷೆಗೆ ಹೋಗುವಾಗ ನಮ್ಮ ಬಾಗಿಲ ಮುಂದೆಯೇ ಹಾದು ಹೋದರು. ಅವರನ್ನು ನಾನು ನೋಡಿದ್ದೇನೆ.

ಮದುವೆಯಾಗಿ ಕೆಲವು ದಿನಕ್ಕೆ ಪೋಸ್ಟಿನವನು ಬಂದ. ನಿಮ್ಮವ್ವನ ಹೆಸರಿಗೆ ಪೊಟ್ಟಣ, ತಿಂಗಳುಗಟ್ಟಲೆ ತಡವಾಗಿ ಬಂದದ್ದು. ನಾನು ಕೈ ಚಾಚಿದೆ. ತರಿಸಿದವರೇ ಬಂದು ಸಹಿ ಹಾಕಿ ಬಿಡಿಸಿಕೊಳ್ಳಬೇಕವ್ವ, ನಾ ಅಲ್ಲೀತನ ಇಟ್ಟಿರ್ತೀನಿ ಎಂದು ತಿರುಗಿ ಒಯ್ದ.

ಅವಳು ಮೊದಲ ಸಲ ತವರಿಗೆ ಬಂದದ್ದು ಎಳ್ಳಮವಾಸೆಗೆ. ಬರುವಾಗಲೇ ಪೋಸ್ಟಾಫೀಸಿಗೆ ಹೋಗಿ ಪೊಟ್ಟಣ ತಂದಿದ್ದಳು. ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡ ಡಬ್ಬಿ, ಅದಕ್ಕೊಂದು ವೈರು, ವೈರಿನ ತುದಿಗೆ ಕಿವಿಯೊಳಗೆ ಇಡುವ ಗುಂಡಿ. ಡಬ್ಬಿಯನ್ನು ಅಪ್ಪನ ಅಂಗಿಯ ಜೇಬಿನಲ್ಲಿಟ್ಟು, ಗುಂಡಿಯನ್ನು ಕಿವಿಗೆ ತಾನೇ ಇಟ್ಟಳು. ಕೈಬಳೆ ಸರಿದ ಸದ್ದಿಗೆ ತಾತ ಬೆಚ್ಚಿದರು. ಒಲೆಯ ಮೇಲೆ ಪುಂಡಿಪಲ್ಲೆ ಕುದಿಯುತ್ತಿತ್ತು, ಅದರ ಸದ್ದಿಗೆ ತಿರುಗಿ ನೋಡಿದರು. ಆಮೇಲೆ, ಏನಾದರೂ ಮಾತಾಡು ಮಗಳೇ ಎಂದರು.

ಅವಳು ಎಂದಿನಂತೆ ಕೂಗಲು ಬಾಯಿ ತೆರೆದವಳು ತಡೆದಳು. ಅಪ್ಪನ ಹತ್ತಿರ ನಾವು ಆಡದೇ ಎಷ್ಟೋ ವರ್ಷವಾಗಿದ್ದ ಮೆಲುದನಿಯಲ್ಲಿ ಹೇಳಿದಳು.

“ಅಪ್ಪಾ, ನನಗ ಇವತ್ತು ಹದಿನೆಂಟು ತುಂಬಿದ್ವು.”

ಸಿಟ್ಟಿನಿಂದ ಹೇಳಿದ್ದಲ್ಲ. ಹುಟ್ಟಿದ ದಿನ ಎಂದು ಹೇಳಿದಳು ಅಷ್ಟೇ. ತಾತನಿಗೆ ಪೂರ್ತಿ ಕೇಳಿಸಿತು. ಅವರು ಗೋಣು ಹಾಕಲಿಲ್ಲ.

ಅವತ್ತಿನಿಂದ ಅವರು ಕೇಳದ ಮಾತಿಗೆ ಗೋಣು ಹಾಕುವುದನ್ನು ಬಿಟ್ಟರು. ಕ್ರಷರ್‌ನಲ್ಲಿ ಕಸ ಗುಡಿಸಲು ಹಚ್ಚಿದರು, ಗುಡಿಸಿದರು. ಯಾರಾದರೂ ಮಾತಿಗೆ ಕೂತರೆ ಕೈ ತೋರಿಸಿ ನಿಲ್ಲಿಸಿ, ಡಬ್ಬಿಯ ಗುಂಡಿ ತಿರುವಿ, ಈಗ ಹೇಳ್ರಿ ಎನ್ನುತ್ತಿದ್ದರು. ಎರಡನೆಯ ಸಲವೂ ಹೇಳಿಸಿಕೊಳ್ಳುತ್ತಿದ್ದರು. ಜನ ಬೇಸರ ಮಾಡಿಕೊಂಡು ಬರುವುದನ್ನೇ ಕಡಿಮೆ ಮಾಡಿದರು. ಮದುವೆ ಮುಂಜಿಯಲ್ಲಿ ಯಾರು ಸಕ್ಕರೆ ಕೊಟ್ಟರೂ ಬಾಯಿಗೆ ಹಾಕುತ್ತಿರಲಿಲ್ಲ, ಅಂಗೈಯಲ್ಲಿ ಹಿಡಿದುಕೊಂಡು ಕೂತಿರುತ್ತಿದ್ದರು. ಅದು ಬೆವರಿಗೆ ಕರಗುತ್ತಿತ್ತು.

ನಿಮ್ಮಲ್ಲಿ ದೊಡ್ಡವಳನ್ನು ತೊಟ್ಟಿಲಿಗೆ ಹಾಕಿದ ದಿನ ಸಂಡೂರಿನ ಮನೆ ತುಂಬ ಜನ. ದೊಡ್ಡ ತಾತ ತಟ್ಟೆ ಹಿಡಿದು ಬಂದು ತಮ್ಮನ ಬಾಯಿಗೆ ಸಕ್ಕರೆ ಹಿಡಿದರು. ತಾತ ಅವರ ಮಣಿಕಟ್ಟು ಹಿಡಿದು ತಡೆದರು. ಇನ್ನೊಂದು ಕೈಯಲ್ಲಿ ಜೇಬಿನ ಡಬ್ಬಿ ಸರಿಮಾಡಿಕೊಂಡು, “ಯಾರದು ಸಿಹಿ?” ಎಂದು ಕೇಳಿದರು. ದೊಡ್ಡ ತಾತ ತಲೆ ತಗ್ಗಿಸಿದರು. ಬಾಣಂತಿ ಎದ್ದು ಬರಬಾರದು, ಆದರೂ ನಿಮ್ಮವ್ವ ಎದ್ದು ಬಂದು ಅಪ್ಪನ ಕಿವಿಯ ಹತ್ತಿರ ಬಾಗಿದಳು.

“ನಿನ್ನ ಮೊಮ್ಮಗಳದು, ಅಪ್ಪಾ. ತಿನ್ನು.”

ಆಗ ಅವರು ಬಾಯಿ ತೆರೆದರು.